ಎಲ್ಲ ಪಾಸ್‌ವರ್ಡ್ ಒಂದೇ ಕಡೆ ಇಟ್ಟರೆ ಅಪಾಯ ಅಲ್ವಾ?

ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಮಾಸ್ಟರ್ ಪಾಸ್‌ವರ್ಡ್‌ನ ಬೀಗದೊಳಗೆ ಇಡುವ ಆ್ಯಪ್) ಒಂದು ಹ್ಯಾಕ್ ಆದರೆ ಇದ್ದಬದ್ದ ಅಕೌಂಟ್ ಎಲ್ಲ ಹೋಯಿತಲ್ಲ ಅಂತ ಕೇಳಿದ್ದೀರಿ. ಇದೇ ಮಾತು ಹೇಳಿಕೊಂಡು ನಾನೂ ವರ್ಷಗಟ್ಟಲೆ ಅದರ ಹತ್ತಿರ ಸುಳಿಯಲಿಲ್ಲ. ಆಗ ನನ್ನ ಬಳಿ ಇದ್ದದ್ದು ಮೂರೇ ಪಾಸ್‌ವರ್ಡ್. ಕೊನೆಯ ಅಂಕಿ ಬದಲಿಸಿ ಎಲ್ಲ ಕಡೆ ಅದನ್ನೇ ಹಾಕುತ್ತಿದ್ದೆ. ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಆಗಲೇ ಇತ್ತು, ಅದರ ನಕಲು ಹತ್ತಾರು ಸೈಟ್‌ಗಳ ಕೈಯಲ್ಲೂ ಇತ್ತು! ಒಂದು ಕಡೆ ಸೋರಿದ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ಕಳ್ಳರು ಬೇರೆ ಸೈಟ್‌ಗಳಲ್ಲಿ ಕೂತು ಟೈಪ್ ಮಾಡುವುದಿಲ್ಲ. ಆ ಕೆಲಸಕ್ಕೆ ಪ್ರೋಗ್ರಾಂ ಇದೆ.

ಹಾಗಂತ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯಿಂದ ಗ್ರಾಹಕರ ವಾಲ್ಟ್‌ಗಳ, ಅಂದರೆ ಪಾಸ್‌ವರ್ಡ್ ಇಟ್ಟ ಪೆಟ್ಟಿಗೆಗಳ, ಬ್ಯಾಕಪ್ ಕಳುವಾಯಿತು. ಆದರೆ ಕಳ್ಳರಿಗೆ ಸಿಕ್ಕಿದ್ದು ಬೀಗ ಹಾಕಿದ ಪೆಟ್ಟಿಗೆಗಳು. ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಹತ್ತಿರವೇ ಇರಲಿಲ್ಲ, ಹಾಗಾಗಿ ಒಂದೊಂದು ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ಊಹಿಸಿಯೇ ತೆರೆಯಬೇಕು. ಸುಲಭದ ಮಾಸ್ಟರ್ ಪಾಸ್‌ವರ್ಡ್ ಇಟ್ಟವರಿಗೆ ಜಾಸ್ತಿ ಅಪಾಯ. (ಸೈಟ್‌ಗಳ ವಿಳಾಸಕ್ಕೆ ಮಾತ್ರ ಬೀಗವೇ ಇರಲಿಲ್ಲ. ಅದು ಕಂಪನಿಯದ್ದೇ ತಪ್ಪು, ನನ್ನ ಲೆಕ್ಕದಲ್ಲಿ ದೊಡ್ಡ ತಪ್ಪು.)

ಆದ್ದರಿಂದ ತಲೆ ಕೆಡಿಸಿಕೊಳ್ಳಬೇಕಾದ್ದು ಆ ಒಂದು ಪಾಸ್‌ವರ್ಡ್ ಬಗ್ಗೆ. ಡೈಸ್‌ವೇರ್ ಅಂತ ಒಂದು ವಿಧಾನ ಇದೆ. ದಾಳವನ್ನು ಐದು ಸಲ ಉರುಳಿಸಿದರೆ 7,776 ಪದಗಳ ಪಟ್ಟಿಯಿಂದ ಒಂದು ಪದ ಸಿಗುತ್ತದೆ. ಹೀಗೆ ಆರು ಪದ ತೆಗೆದರೆ ಸಾಕು. ಚೆಂದದ ಪದ ಬರಲಿಲ್ಲ ಅಂತ ನೀವೇ ಆರಿಸಲು ಹೋಗಬೇಡಿ. ಮರೆತರೆ ಕಂಪನಿಯವರು ಹುಡುಕಿ ಕೊಡುತ್ತಾರೆ ಅನ್ನುವ ನಂಬಿಕೆಯೂ ಬೇಡ, ಅವರ ಬಳಿ ಅದು ಇರುವುದೇ ಇಲ್ಲ. ಕಾಗದದಲ್ಲಿ ಬರೆದು ಬೀರುವಿನೊಳಗೆ ಇಡಿ. ಬರೆಯಲೇಬಾರದು ಅನ್ನುವವರ ಮಾತು ಕೇಳಬೇಡಿ. ದೂರದ ಹ್ಯಾಕರ್ ನಿಮ್ಮ ಬೀರು ತೆಗೆಯಲಾರ.

ಪಾಸ್‌ವರ್ಡ್ ಮ್ಯಾನೇಜರ್ ಬರೀ ಸೋಮಾರಿಗಳ ಅನುಕೂಲಕ್ಕೆ ಅನ್ನುವವರೂ ಇದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿದೆ, ಲಾಗಿನ್ ಪುಟ ಬಂತು. ಮ್ಯಾನೇಜರ್ ಎಂದಿನಂತೆ ಪಾಸ್‌ವರ್ಡನ್ನು ತಾನಾಗಿ ತುಂಬಲಿಲ್ಲ. ಹಾಳಾದ್ದು ಕೆಟ್ಟಿದೆ ಅಂತ ಬೈದು, ಕಾಪಿ ಮಾಡಿ ಅಂಟಿಸುವವನಿದ್ದೆ. ಆಮೇಲೆ ವಿಳಾಸ ನೋಡಿದರೆ ಒಂದಕ್ಷರ ಬೇರೆ! ಪುಟದ ಬಣ್ಣ, ಲೋಗೋ ನೋಡಿ ನಾನು ಮೋಸಹೋಗಿದ್ದೆ. ಮ್ಯಾನೇಜರ್ ನೋಡುವುದು ವಿಳಾಸವನ್ನು ಮಾತ್ರ. ಈಗ ತುಂಬಲಿಲ್ಲ ಅಂದರೆ ಮೊದಲು ವಿಳಾಸ ನೋಡುತ್ತೇನೆ.

ಕ್ಲೌಡ್, ಅಂದರೆ ಕಂಪನಿಯ ಸರ್ವರ್, ಬೇಡವೇ ಬೇಡ ಅಂದರೆ ಕೀಪಾಸ್ ಅನ್ನುವ ಮ್ಯಾನೇಜರ್ ಇದೆ. ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಬ್ಯಾಕಪ್ ಇಡುವ ತಲೆನೋವೂ ನಿಮ್ಮದೇ. ಯಾವುದೇ ಆರಿಸಿ, ಎಲ್ಲವನ್ನೂ ಒಂದೇ ದಿನ ಬದಲಿಸಲು ಕೂರಬೇಡಿ. ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ. ಉಳಿದವುಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ ತಾನೆ?