ಬಿರುಸಾಗಿ ಸ್ಕೀ ಮಾಡುವವರಿಗೆ ಬಾಳಿಕೆ ಬರುವ ಬೈಂಡಿಂಗ್ ಯಾವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನೀವು ಕೊಲರಾಡೋದಲ್ಲಿದ್ದೀರಿ, ವಯಸ್ಸು 36, ತೂಕ 82 ಕಿಲೋ, ಎತ್ತರ 180 ಸೆಂಟಿಮೀಟರ್, ಬೂಟಿನ ಅಡಿಯ ಉದ್ದ 315 ಮಿಲಿಮೀಟರ್. ಚಳಿಗಾಲದಲ್ಲಿ ನಲವತ್ತು ದಿನ ಕಡಿದಾದ ಇಳಿಜಾರು, ಮೊಗಲ್ ಎಂಬ ಹಿಮದ ಗುಬ್ಬುಗಳು, ಕಲ್ಲು ಇಣುಕುವ ಜಾಗಗಳಲ್ಲಿ ಬಿರುಸಾಗಿ ಇಳಿಯುತ್ತೀರಿ. ಮೂರು ಸೀಸನ್ನಿನಲ್ಲಿ ಎರಡು ಜೊತೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ, ಕೈಕೊಟ್ಟಿವೆ: ಒಂದರ ಟೋ ಪೀಸಿನ (ಬೂಟಿನ ಮೂತಿಯನ್ನು ಹಿಡಿಯುವ ಮುಂದಿನ ತುಂಡಿನ) ಹೊದಿಕೆ ಬಿರುಕು ಬಿಟ್ಟಿತು, ಇನ್ನೊಂದು ಬೀಳದಿದ್ದರೂ ವೇಗದಲ್ಲಿ ಬೂಟನ್ನು ಬಿಟ್ಟುಕೊಡುತ್ತಿದೆ. ಆದ್ದರಿಂದ ಡಿನ್ ಎಂಬ ಅಂಕಿ 18ರವರೆಗೆ ಹೋಗುವ, ಅತಿ ಗಟ್ಟಿಯಾದ ಬೈಂಡಿಂಗನ್ನೇ ಕೊಂಡುಬಿಡಲೇ ಎಂದು ಕೇಳಿದ್ದೀರಿ.

ನಾನು ಸಾಗರದ ಕಡೆಯವನು. ಹಿಮವನ್ನು ಮೊದಲು ಕಂಡದ್ದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ; ಈಗ ಹದಿಮೂರು ವರ್ಷಗಳಿಂದ ಯೂಟಾದಲ್ಲಿದ್ದು, ಆಲ್ಟಾ ಮತ್ತು ಸ್ನೋಬರ್ಡ್ ಬೆಟ್ಟಗಳಲ್ಲಿ ಸ್ಕೀ ಮಾಡುತ್ತೇನೆ. ನನ್ನ ಸ್ಕೀಗಳಿಗೆ ಬೈಂಡಿಂಗನ್ನು ನಾನೇ ಕೂರಿಸಿಕೊಳ್ಳುತ್ತೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: 18 ಬೇಡ. ನಿಮ್ಮ ಮೈಕಟ್ಟಿಗೆ ಅದು ಮೂಗಿಗಿಂತ ಮೂಗುತಿ ಭಾರ. 6ರಿಂದ 15 ಅಥವಾ 16ರವರೆಗಿನ, ಟೋ ಪೀಸಿನಲ್ಲಿ ಲೋಹವಿರುವ ಬೈಂಡಿಂಗನ್ನು ಕೊಂಡು, ಅದನ್ನು ಸರಿಯಾಗಿ ಕೂರಿಸಿ, ಸರಿಯಾಗಿ ಹೊಂದಿಸಿಕೊಳ್ಳಿ. ನಿಮ್ಮ ಎರಡು ದೂರುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೊಸ ಬೈಂಡಿಂಗ್ ಪರಿಹಾರ; ಎರಡನೆಯದಕ್ಕೆ ಕಾರಣ ಬಹುಶಃ ಬೇರೆಡೆ ಇದೆ.

ಡಿನ್ ಎಂಬ ಅಂಕಿಯನ್ನು ಬಹಳ ಜನ ಗಟ್ಟಿತನದ ಅಳತೆ ಎಂದು ತಿಳಿದಿದ್ದಾರೆ. ಅದು ಬಿಡುಗಡೆಯ ಅಳತೆ, ಅಂದರೆ ಎಷ್ಟು ತಿರುಚಿದಾಗ ಬೈಂಡಿಂಗ್ ಬೂಟನ್ನು ಬಿಡಬೇಕು ಎಂಬುದರ ಅಳತೆ. 8 ಎಂದು ಹೊಂದಿಸಿದರೆ ಟೋ ಪೀಸು ಸುಮಾರು 80 ನ್ಯೂಟನ್ ಮೀಟರ್ ತಿರುಚುಬಲದ ಹತ್ತಿರ ಬಿಡುತ್ತದೆ. ನಿಮಗೆ ಎಷ್ಟು ಬೇಕೆಂಬುದನ್ನು ಐಎಸ್ಒ 11088 ಮಾನದಂಡದ ಕೋಷ್ಟಕ ಹೇಳುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಸ್ಕೀ ಮಾಡುವ ಬಗೆ ಎಂಬ ಐದು ಸಂಗತಿಗಳು ಅದರಲ್ಲಿ ಸೇರುತ್ತವೆ. ನೀವು ನಿಮ್ಮನ್ನು ಮೂರನೆಯ ವರ್ಗದವರೆಂದು, ಅಂದರೆ ಬಿರುಸಿನವರೆಂದು ಘೋಷಿಸಿಕೊಂಡರೂ ಆ ಕೋಷ್ಟಕದಲ್ಲಿ ನಿಮ್ಮ ಅಂಕಿ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ. 18ರ ಬೈಂಡಿಂಗುಗಳು ಸಾಮಾನ್ಯವಾಗಿ ಶುರುವಾಗುವುದೇ 8ರಿಂದ. ಸ್ಪ್ರಿಂಗಿನ ತೀರ ತಳದ ಅಂಚಿನಲ್ಲಿ ಕೆಲಸ ಮಾಡಿಸುವುದಕ್ಕಿಂತ ನಡುಭಾಗದಲ್ಲಿ ಮಾಡಿಸುವುದು ಮೇಲು. ಜೊತೆಗೆ ವಯಸ್ಸು 50 ದಾಟಿದಾಗ ಕೋಷ್ಟಕವೇ ಅಂಕಿಯನ್ನು ಇಳಿಸುತ್ತದೆ, ಆಗ ನಿಮ್ಮ ದುಬಾರಿ ಬೈಂಡಿಂಗಿಗೆ ಇಳಿಯಲು ಜಾಗವೇ ಇರುವುದಿಲ್ಲ.

ಬೈಂಡಿಂಗ್ ಎಂದರೆ ಒಂದು ಚಿಲಕ. ಆದರೆ ಮನೆಯ ಚಿಲಕದಂತೆ ಹಾಕಿದೆ, ತೆಗೆದೆ ಎಂಬ ಎರಡೇ ಸ್ಥಿತಿ ಅದಕ್ಕಿಲ್ಲ. ಮೊಗಲ್ ಒಂದಕ್ಕೆ ಸ್ಕೀ ಬಡಿದಾಗ ಬೂಟಿನ ಮೂತಿ ಕ್ಷಣಕಾಲ ಪಕ್ಕಕ್ಕೆ ಸರಿಯುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ನಡುವಿಗೆ ತಳ್ಳುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ಬಿಡುಗಡೆಗೆ ಮುನ್ನ ಬೂಟು ಹೀಗೆ ಸರಿದು ಮರಳಬಲ್ಲ ದೂರವನ್ನು ಎಲಾಸ್ಟಿಕ್ ಟ್ರಾವೆಲ್ ಎನ್ನುತ್ತಾರೆ. ಬಿರುಸಿನವರು ನೋಡಬೇಕಾದ ಮೊದಲ ಗುಣ ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಈ ದೂರ ಹೆಚ್ಚಿರುವ ಬೈಂಡಿಂಗು 8ರಲ್ಲೇ ನಿಮ್ಮನ್ನು ಹಿಡಿದಿಡುತ್ತದೆ. ಕಡಿಮೆಯಿರುವುದು 10ಕ್ಕೆ ಬಿಗಿದರೂ ಒಂದು ಚುರುಕಿನ ಏಟಿಗೆ ಬಿಟ್ಟುಕೊಡಬಹುದು. ಆದರೆ ಅಂಗಡಿಯ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇರುವುದು ಡಿನ್ ಮಾತ್ರ.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಲುಕ್ ಕಂಪನಿಯ ಪಿವೋಟ್ 15. ಫ್ರಾನ್ಸಿನ ನೆವೇರ್ ಎಂಬ ಊರಿನ ಕಂಪನಿ ಅದು. ಎಲಾಸ್ಟಿಕ್ ಟ್ರಾವೆಲ್ ಟೋ ಪೀಸಿನಲ್ಲಿ 45 ಮಿಲಿಮೀಟರ್, ಹಿಮ್ಮಡಿಯನ್ನು ಹಿಡಿಯುವ ಹೀಲ್ ಪೀಸಿನಲ್ಲಿ 28 ಮಿಲಿಮೀಟರ್ ಎಂದು ತಯಾರಕರು ಹೇಳಿಕೊಳ್ಳುತ್ತಾರೆ. ಅದರ ಹೀಲ್ ಪೀಸು ಬೀಸುವ ಕಲ್ಲಿನಂತೆ ಒಂದು ಬಿಲ್ಲೆಯ ಮೇಲೆ ತಿರುಗುತ್ತದೆ. ಬಿಲ್ಲೆಯ ನಡು ನಿಮ್ಮ ಮೊಣಕಾಲ ಕೆಳಗಿನ ಎಲುಬಿನ ನೇರಕ್ಕೆ ಬರುವುದರಿಂದ, ಮುಂದೆ ಬೂಟು ಪಕ್ಕಕ್ಕೆ ಸರಿದಾಗ ಹಿಂಬದಿಯೂ ಅದರ ಜೊತೆ ತಿರುಗಿಕೊಡುತ್ತದೆ, ಉಜ್ಜಾಟವಿಲ್ಲ. ಇದೇ ಸಾಲಿನ ಪಿವೋಟ್ 14ರಲ್ಲೂ ಹೀಲ್ ಪೀಸಿನ ವಿನ್ಯಾಸ ಅದೇ. ಆದರೆ ಅದರ ಟೋ ಪೀಸಿನ ಹೊದಿಕೆ ಪ್ಲಾಸ್ಟಿಕ್ ಮಿಶ್ರಣದ್ದು, 15 ಮತ್ತು 18ರದ್ದು ಲೋಹದ್ದು. ನಿಮ್ಮದು ಬಿರುಕು ಬಿಟ್ಟದ್ದು ಅಲ್ಲಿಯೇ ಆದ್ದರಿಂದ ಹೆಚ್ಚಿನ ಹಣ ಕೊಡಬೇಕಾದದ್ದು ಈ ಒಂದು ವ್ಯತ್ಯಾಸಕ್ಕೆ, ಮೇಲಿನ ಅಂಕಿಗಲ್ಲ.

ಅದಕ್ಕೂ ದೋಷಗಳಿವೆ. ಹೀಲ್ ಪೀಸನ್ನು ಮುಂದೆ ಹಿಂದೆ ಸರಿಸಲು ಇರುವ ಅವಕಾಶ ಒಟ್ಟು 20 ಮಿಲಿಮೀಟರಿನಷ್ಟು ಮಾತ್ರ. ನಾಳೆ ಅಡಿಯ ಉದ್ದ ಬಹಳ ಬೇರೆಯಿರುವ ಬೂಟು ಕೊಂಡರೆ ಸ್ಕೀಗೆ ಮತ್ತೆ ತೂತು ಹೊಡೆಯಬೇಕು. ಇನ್ನು ಆಳವಾದ ಪುಡಿ ಹಿಮದಲ್ಲಿ ಬಿದ್ದು ಎದ್ದು ಬೂಟನ್ನು ಮತ್ತೆ ತೊಡಿಸುವಾಗ ಆ ತಿರುಗುವ ಹಿಮ್ಮಡಿ ಅತ್ತ ಇತ್ತ ಓಡಾಡಿ ತಾಳ್ಮೆ ಕೆಡಿಸುತ್ತದೆ. ಒಂಟಿ ಕಾಲಲ್ಲಿ ನಿಂತು, ಒಂದು ಕೈಯಲ್ಲಿ ಹೀಲ್ ಪೀಸನ್ನು ನೇರ ಮಾಡಿಕೊಂಡು, ಇನ್ನೊಂದು ಕೈಯಲ್ಲಿ ಕೋಲೂರಿ ನಾನು ಬೈದುಕೊಂಡದ್ದೆಲ್ಲ ಶುದ್ಧ ಮಲೆನಾಡಿನ ಕನ್ನಡದಲ್ಲಿ.

ಈ ರಗಳೆ ಬೇಡವೆನ್ನುವವರಿಗೆ ಜರ್ಮನಿಯ ಮಾರ್ಕರ್ ಕಂಪನಿಯ ಜೆಸ್ಟರ್ ಇದೆ, 6ರಿಂದ 16. ಭಾರ ಮತ್ತು ಗಟ್ಟಿತನ ಎರಡನ್ನೂ ಸರಿದೂಗಿಸಲು ಅದರಲ್ಲಿ ಮೆಗ್ನೀಸಿಯಮ್ ಬಳಸಿದ್ದಾರೆ. ಸ್ಕ್ರೂಗಳು ಅಗಲವಾಗಿ ಕೂರುವುದರಿಂದ ಅಗಲ ಸ್ಕೀಗೆ ಚೆನ್ನಾಗಿ ಹೊಂದುತ್ತದೆ. ಅದರ ತಮ್ಮನಾದ ಗ್ರಿಫನ್ 4ರಿಂದ 13. ನಿಮ್ಮ 8ಕ್ಕೆ ಲೆಕ್ಕದಲ್ಲಿ ಅದು ಸಾಕು, ಕಲ್ಲಿಗೆ ಬಡಿಯುವ ನಿಮ್ಮ ಅಭ್ಯಾಸಕ್ಕೆ ಸಾಲದು. ಆಸ್ಟ್ರಿಯಾದ ಟಿರೋಲಿಯಾದ ಅಟ್ಯಾಕ್ 14 ಕಡಿಮೆ ಬೆಲೆಗೆ ಒಳ್ಳೆಯ ಸರಕು. ಬೂಟು ತೊಡಿಸುವುದೂ ಸುಲಭ. ಹಣ ಉಳಿಸಬೇಕಿದ್ದರೆ ಕಣ್ಣುಮುಚ್ಚಿ ಅದನ್ನು ಕೊಳ್ಳಿ. ಬೆಟ್ಟ ಹತ್ತಲೂ ಇಳಿಯಲೂ ಆಗುವ ಶಿಫ್ಟ್, ಡ್ಯೂಕ್ ಪಿಟಿ ಮುಂತಾದ ಜೋಡಿಕೆಲಸದ ಬೈಂಡಿಂಗುಗಳನ್ನು ವರ್ಷವಿಡೀ ಲಿಫ್ಟಿನ ಬೆಟ್ಟದಲ್ಲಿ (ಯಂತ್ರವೇ ಮೇಲಕ್ಕೆ ಒಯ್ಯುವ ಕಡೆ) ಬಳಸಲು ಕೊಳ್ಳಬೇಡಿ. ಚಲಿಸುವ ಭಾಗ ಹೆಚ್ಚಿದಷ್ಟೂ ಸಡಿಲವಾಗುವ ಜಾಗವೂ ಹೆಚ್ಚು.

ಈಗ ನಿಮ್ಮ ಎರಡನೆಯ ದೂರಿಗೆ ಬರುತ್ತೇನೆ, ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿ ಅನುಭವಿಸಿದ್ದೇನೆ. ಮೂರನೆಯ ಚಳಿಗಾಲದಲ್ಲಿ ಹೊಸ ಬೂಟು ಕೊಂಡೆ. ಹಳೆಯದಕ್ಕಿಂತ ಅದರ ಅಡಿ ನಾಲ್ಕು ಮಿಲಿಮೀಟರ್ ಗಿಡ್ಡ. ಸೇರಿಸಿ ತುಳಿದಾಗ ಟಕ್ ಎಂದು ಕೂತಿತು, ಸರಿ ಹೋಯಿತೆಂದುಕೊಂಡೆ. ಅದೇ ವಾರ ಎರಡು ಬಾರಿ ತಿರುವಿನ ನಡುವೆ ಸ್ಕೀ ಕಳಚಿ ಹಿಂದೆ ಉಳಿಯಿತು. ಬೈಂಡಿಂಗು ಮೆದುವಾಯಿತೆಂದು ಭಾವಿಸಿ ಸ್ಕ್ರೂಡ್ರೈವರ್ ಹಿಡಿದು ಏಳೂವರೆಯಿಂದ ಹತ್ತಕ್ಕೆ ಬಿಗಿದೆ. ಮುಂದಿನ ಶನಿವಾರ ಲಿಫ್ಟಿನ ಸಾಲಿನ ಹತ್ತಿರ, ನಡೆಯುವ ವೇಗದಲ್ಲಿ, ಸ್ಕೀ ತುದಿ ಸಿಕ್ಕಿಕೊಂಡು ಹಿಂದಕ್ಕೆ ಬಿದ್ದೆ. ಸ್ಕೀ ಬಿಡಲಿಲ್ಲ, ಮೊಣಕಾಲು ತಿರುಚಿತು. ಆರು ವಾರ ಕುಂಟಿದೆ. ವೇಗದಲ್ಲಿ ಬೇಡದಾಗ ಬಿಟ್ಟದ್ದು, ನಿಧಾನದಲ್ಲಿ ಬೇಕಾದಾಗ ಬಿಡಲಿಲ್ಲ.

ಬೇಡದಾಗ ಬಿಟ್ಟದ್ದಕ್ಕೆ ಕಾರಣ ಫಾರ್ವರ್ಡ್ ಪ್ರೆಶರ್. ಹೀಲ್ ಪೀಸು ಬೂಟನ್ನು ಟೋ ಪೀಸಿನ ಕಡೆಗೆ ಒಂದು ನಿರ್ದಿಷ್ಟ ಒತ್ತಡದಲ್ಲಿ ತಳ್ಳುತ್ತಿರಬೇಕು. ಸ್ಕೀ ಬಾಗಿದಾಗ ಎರಡು ತುಂಡುಗಳ ನಡುವಿನ ದೂರ ಬದಲಾಗುವುದನ್ನು ಆ ಒತ್ತಡವೇ ಸರಿದೂಗಿಸುತ್ತದೆ. ಅದು ಕಡಿಮೆಯಾದರೆ ಡಿನ್ ಎಷ್ಟಿದ್ದರೂ ಬೂಟು ಜಾರಿಕೊಳ್ಳುತ್ತದೆ. ಪ್ರತಿ ಬೈಂಡಿಂಗಿನ ಹೀಲ್ ಪೀಸಿನಲ್ಲೂ ಇದಕ್ಕೊಂದು ಗುರುತಿರುತ್ತದೆ: ಕೆಲವದರಲ್ಲಿ ಸ್ಕ್ರೂವಿನ ತಲೆ ಹೊದಿಕೆಯ ಮಟ್ಟಕ್ಕೆ ಸರಿಯಾಗಿ ಬರಬೇಕು, ಕೆಲವದರಲ್ಲಿ ಮುಳ್ಳೊಂದು ಗೆರೆಗಳ ನಡುವೆ ನಿಲ್ಲಬೇಕು. ಬೂಟು ತೊಡಿಸಿಯೇ ಅದನ್ನು ನೋಡಬೇಕು. ಹೊಸ ಬೈಂಡಿಂಗಿಗೆ ಹಣ ಸುರಿಯುವ ಮೊದಲು ಇವತ್ತು ಸಂಜೆಯೇ ಬೂಟನ್ನು ಹಾಕಿ ಆ ಗುರುತು ಎಲ್ಲಿದೆ ಎಂದು ದಯವಿಟ್ಟು ನೋಡಿ.

ಆಮೇಲೆ ಬೂಟನ್ನು ಮಗುಚಿ ಅದರ ಅಡಿ ನೋಡಿ. ಸಾಮಾನ್ಯ ಆಲ್ಪೈನ್ (ಇಳಿಜಾರಿನ ಸ್ಕೀಯ) ಬೂಟಿನ ಅಡಿ ಮುಂದೆ 19, ಹಿಂದೆ 30 ಮಿಲಿಮೀಟರ್ ದಪ್ಪವಿರಬೇಕೆಂಬುದು ಐಎಸ್ಒ 5355ರ ನಿಯಮ. ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ನಡೆದು ನಡೆದು ಮೂತಿಯ ಮೂಲೆಗಳು ಸವೆದು ದುಂಡಾಗಿದ್ದರೆ ಯಾವ ಬೈಂಡಿಂಗಿಗೂ ಅದನ್ನು ನಂಬಿಕೆಯಿಂದ ಹಿಡಿಯಲಾಗುವುದಿಲ್ಲ. ಬದಲಾಯಿಸಬಹುದಾದ ಅಡಿಗಳಿರುವ ಬೂಟಾದರೆ ಬದಲಾಯಿಸಿ. ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ಅಡಿಯ ಬೂಟಿಗೆ ಆ ಗುರುತಿರುವ ಬೈಂಡಿಂಗೇ ಬೇಕು. ಟೋ ಪೀಸಿನ ಎತ್ತರವನ್ನು ಹೊಂದಿಸುವ ಬೈಂಡಿಂಗಿನಲ್ಲಿ ಬೂಟು ತೊಡಿಸಿದ ಮೇಲೆ ಅದರ ಮೂತಿಯ ಕೆಳಗಿನಿಂದ ಒಂದು ಕಾಗದದ ಪಟ್ಟಿಯನ್ನು ಎಳೆದು ನೋಡಬಹುದು. ಹರಿಯದೆ, ಆದರೆ ತುಸು ತಡೆಯುತ್ತಾ ಹೊರಬರಬೇಕು. ಬೆಟ್ಟದಲ್ಲಂತೂ ಪ್ರತಿ ಬಾರಿ ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನಿಂದ ಕೆರೆದುಕೊಂಡೇ ತುಳಿಯಿರಿ.

ಬೈಂಡಿಂಗ್ ಕಿತ್ತುಬರುವ ಘಟನೆಗಳಲ್ಲಿ ಬೈಂಡಿಂಗಿನ ತಪ್ಪಿಗಿಂತ ತೂತಿನ ತಪ್ಪೇ ಹೆಚ್ಚೆಂದು ನನಗನ್ನಿಸಿದೆ. ಒಳಗೆ ಲೋಹದ ಹಾಳೆಯಿರುವ ಸ್ಕೀಗೆ ಸಾಮಾನ್ಯವಾಗಿ 4.1 ಮಿಲಿಮೀಟರ್ ಡ್ರಿಲ್ಲು, ಇಲ್ಲದ್ದಕ್ಕೆ 3.5, ಆಳ 9. ಸ್ಕೀ ಮೇಲೆಯೇ ಇದನ್ನು ಅಚ್ಚು ಹಾಕಿರುತ್ತಾರೆ. ತೂತಿನೊಳಗೆ ಅಂಟು ಹಾಕುವುದು ಹಿಡಿತಕ್ಕಾಗಿ ಮಾತ್ರವಲ್ಲ, ಕರಗಿದ ನೀರು ಒಳಗಿನ ಮರಕ್ಕೆ ಇಳಿಯದಿರಲೆಂದೂ ಹೌದು. ಸ್ಕ್ರೂಗಳ ತಲೆ ಪೋಜಿಡ್ರೈವ್ ಮೂರನೆಯ ಅಳತೆಯದು; ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ತಿಂದುಹೋಗುತ್ತದೆ. ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಅಗಲ ಸ್ಕೀಯ ನಡುವಿನ ಅಗಲಕ್ಕಿಂತ ಹತ್ತು ಮಿಲಿಮೀಟರಿನಷ್ಟು ಹೆಚ್ಚಿರಬಹುದು. ಅದಕ್ಕೂ ಅಗಲವಾದರೆ ಓರೆಯಾಗಿ ತಿರುಗುವಾಗ ಬ್ರೇಕಿನ ತೋಳು ಹಿಮಕ್ಕೆ ತಾಗುತ್ತದೆ.

ಬಾಳಿಕೆಯ ಮಾತಿನಲ್ಲಿ ಇನ್ನೊಂದು ವಿಷಯ. ಕಾರಿನ ಮೇಲೆ ಸ್ಕೀ ಕಟ್ಟಿಕೊಂಡು ಹೋಗುವಾಗ ರಸ್ತೆಗೆ ಸುರಿದ ಉಪ್ಪು ನೀರಾಗಿ ಬೈಂಡಿಂಗಿನ ಒಳಗೆ ಹೋಗುತ್ತದೆ. ಚೀಲದಲ್ಲಿಡಿ, ಇಲ್ಲವೇ ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ. ಜೋರು ನೀರಿನ ಪಂಪು ಹಿಡಿಯಬೇಡಿ, ಒಳಗಿನ ಗ್ರೀಸು ತೊಳೆದುಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಅದನ್ನೇ ಮಾಡುತ್ತವೆ.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಆಧುನಿಕ ಬೈಂಡಿಂಗುಗಳು ಬಂದ ಮೇಲೆ ಕಣಕಾಲಿನ ಎಲುಬು ಮುರಿಯುವುದು ಬಹಳ ಕಡಿಮೆಯಾಗಿದೆ, ಆದರೆ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದನ್ನು ಅವು ಅದೇ ರೀತಿ ತಡೆದಿಲ್ಲ. ನಾನು ಹೆಸರಿಸಿದ ಯಾವ ಬೈಂಡಿಂಗೂ ಇದಕ್ಕೆ ಹೊರತಲ್ಲ. ಹಿಮ್ಮಡಿಯೂ ಪಕ್ಕಕ್ಕೆ ಬಿಡುವ ಟಿರೋಲಿಯಾ ಪ್ರೊಟೆಕ್ಟರ್‌ನಂಥವು ಈ ಕಾರಣಕ್ಕೇ ಬಂದವು. ಹಿಂದೆ ಮೊಣಕಾಲಿಗೆ ಪೆಟ್ಟಾಗಿದ್ದರೆ ಅವುಗಳ ಕಡೆಗೂ ನೋಡಿ.

ಅಂಗಡಿಗೆ ಹೋದಾಗ ಟಾರ್ಕ್ ಟೆಸ್ಟ್ ಮಾಡುತ್ತಾರೆಯೇ ಎಂದು ಕೇಳಿ. ನಿಮ್ಮದೇ ಬೂಟನ್ನು ಬೈಂಡಿಂಗಿಗೆ ಹಾಕಿ, ಯಂತ್ರದಿಂದ ತಿರುಚಿ, ಅದು ನಿಜವಾಗಿ ಎಷ್ಟು ಬಲಕ್ಕೆ ಬಿಡುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಮೇಲಿನ ಅಂಕಿ 8 ಎಂದಿದ್ದರೂ ಸವೆದ ಬೈಂಡಿಂಗು ಬೇರೆಯದನ್ನೇ ತೋರಿಸಬಹುದು. ಈಗ ಬೇಡದಾಗ ಬಿಡುತ್ತಿರುವ ನಿಮ್ಮ ಜೊತೆಯನ್ನೂ ಕೊಂಡೊಯ್ಯಿರಿ. ಅದು ತಯಾರಕರ ಹೊಣೆಗಾರಿಕೆಯ ಪಟ್ಟಿಯಲ್ಲಿ, ಅಂದರೆ ಅವರು ಕಾನೂನಿನ ಹೊಣೆ ಹೊರುವ ಮಾದರಿಗಳ ಪಟ್ಟಿಯಲ್ಲಿ, ಇನ್ನೂ ಇದ್ದರೆ ಮಾತ್ರ ಅಮೆರಿಕದ ಅಂಗಡಿಯವರು ಅದನ್ನು ಮುಟ್ಟುತ್ತಾರೆ. ಫಾರ್ವರ್ಡ್ ಪ್ರೆಶರ್ ಸರಿಪಡಿಸಿದ ಮೇಲೆ ಅದು ಆ ಪರೀಕ್ಷೆಯಲ್ಲಿ ಗೆದ್ದರೆ, ಹೊಸದಾಗಿ ನೀವು ಕೊಳ್ಳಬೇಕಾದದ್ದು ಎರಡು ಜೊತೆಯಲ್ಲ, ಬಿರುಕು ಬಿಟ್ಟದ್ದರ ಬದಲಿಗೆ ಒಂದೇ ಒಂದು.