ಆ ‘ಆದ್ದರಿಂದ’ ನಿಲ್ಲುವುದಿಲ್ಲ

ನಮಸ್ಕಾರ. ‘ಮಾನಕ್ಕಾಗಿ ಯುದ್ಧ ಧರ್ಮವೇ?’ ಎಂಬ ನಿಮ್ಮ ಪ್ರಬಂಧ ಓದಿದೆ. ಭಾಷೆಗೆ ಓಟವಿದೆ, ವಿಷಯವೂ ದೊಡ್ಡದು. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

“ಮಾನಕ್ಕಾಗಿ ಚೆನ್ನಮ್ಮಾಜಿ ಕತ್ತಿ ಹಿರಿದಳು, ಆದ್ದರಿಂದ ಅದು ಧರ್ಮಯುದ್ಧ” ಎಂದಿದ್ದೀರಿ. ಈ ‘ಆದ್ದರಿಂದ’ ಎಲ್ಲಿಂದ ಬಂತು? 1689ರಲ್ಲಿ ಶಿವಾಜಿಯ ಮಗ ಸಂಭಾಜಿ ಮೊಘಲರ ಕೈಯಲ್ಲಿ ಹತನಾದ ಮೇಲೆ, ಅವನ ತಮ್ಮ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆಯತ್ತ ತಪ್ಪಿಸಿಕೊಂಡು ಹೋಗುವಾಗ ಕೆಳದಿಯ ರಾಣಿಯಾದ ಈ ಚೆನ್ನಮ್ಮಾಜಿ ಆಶ್ರಯ ಕೊಟ್ಟಳು. ಅದಕ್ಕೇ ಔರಂಗಜೇಬನ ಸೈನ್ಯ ಏರಿಬಂತು. ಇಲ್ಲಿರುವುದು ಎರಡು ತೀರ್ಮಾನ. ನೆಲಕ್ಕೆ ನುಗ್ಗಿದ ಸೈನ್ಯವನ್ನು ತಡೆದದ್ದು ಆತ್ಮರಕ್ಷಣೆ, ಅದನ್ನು ಯಾರು ಬೇಕಾದರೂ ಸಮರ್ಥಿಸಬಹುದು. ಮರೆಹೊಕ್ಕವನನ್ನು ಬಿಟ್ಟುಕೊಡದೆ ಹೋದದ್ದು ಮಾತ್ರ ಮಾನದ ಪ್ರಶ್ನೆ. ಒಬ್ಬನಿಗೆ ಕೊಟ್ಟ ಅಭಯಕ್ಕೆ ಗದ್ದೆಯಲ್ಲಿರುವ ರೈತ ಬೆಲೆ ತೆರಬೇಕಾಗಬಹುದು. ಅದು ಸರಿಯೇ? ಸರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಆಕೆ ಕಾಯ್ದದ್ದು ಇನ್ನೊಬ್ಬನ ಜೀವವನ್ನು, ತನ್ನ ಬಿರುದನ್ನಲ್ಲ. ಬರೀ ಬಿರುದಿಗಾಗಿ ಜನರನ್ನು ಸಾಯಿಸಲು ಯಾವ ಅರಸನಿಗೂ ಹಕ್ಕಿಲ್ಲ. ನೀವು ಈ ಕಷ್ಟದ ಜಾಗಕ್ಕೆ ಅರ್ಧ ಸಾಲು ಕೊಟ್ಟು, ಕತ್ತಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ಇನ್ನೊಂದು ಸಾಲು: “ಮಲೆನಾಡಿನ ವೀರಗಲ್ಲುಗಳೆಲ್ಲ ಮಾನಕ್ಕೆ ಪ್ರಾಣ ತೆತ್ತವರ ಗುರುತು.” ನೀವು ಕಲ್ಲನ್ನು ಮೇಲಿನಿಂದ ಓದಿದ್ದೀರಿ. ನಮಗೆ ಕಲಿಸಿದವರು ಕೆಳಗಿನಿಂದ ಓದಿಸುತ್ತಿದ್ದರು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಸ್ವರ್ಗ ಹೆಚ್ಚುಕಮ್ಮಿ ಎಲ್ಲ ಕಲ್ಲಿನಲ್ಲೂ ಒಂದೇ, ಸಾವಿನ ಕಾರಣ ಬೇರೆ ಬೇರೆ. ಅದು ಕೆಳಗಿನ ಹಂತದಲ್ಲಿ, ಹಂತಗಳ ನಡುವಿನ ಪಟ್ಟಿಯ ಬರಹದಲ್ಲಿ ಸಿಗುತ್ತದೆ. ‘ತುರು’ ಎಂದಿದ್ದರೆ ದನ ಬಿಡಿಸಲು ಹೋಗಿ ಸತ್ತವನು. ‘ಪೆಣ್ಬುಯ್ಯಲ್’ ಎಂದಿದ್ದರೆ ಹೆಂಗಸರ ಕೂಗಿಗೆ ಓಡಿದವನು. ‘ಊರಳಿವು’ ಎಂದರೆ ಊರಿಗೆ ಊರೇ ಹಾಳಾಗುವಾಗ ನಿಂತವನು. ಇವರನ್ನು ಕೆರಳಿದ ಅರಸನ ಪಕ್ಕ ಒಂದೇ ‘ಮಾನ’ದಡಿ ನಿಲ್ಲಿಸುವುದು ಆ ಸತ್ತವರಿಗೆ ಮಾಡುವ ಅನ್ಯಾಯ. ಬರಹದ ಕೊನೆಯಲ್ಲಿ ‘ನೆತ್ತರುಕೊಡಗೆ’ ಇದೆಯೇ ನೋಡಿ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ಅದು.

ಮಳೆಗಾಲ ಕಳೆದ ಮೇಲೆ, ವೀರಗಲ್ಲುಗಳಿರುವ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಹೋಗಿ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆಯೋ ಸಂಜೆಯೋ ಅಕ್ಷರ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಏನೂ ಕಾಣದು. ಪಾಚಿಯನ್ನು ಕೆರೆಯಬೇಡಿ, ಸೀಮೆಸುಣ್ಣ ತಿಕ್ಕಬೇಡಿ, ಕಲ್ಲು ಸವೆಯುತ್ತದೆ. ಒಂದೇ ಕಲ್ಲು ಆರಿಸಿ, ಅವನು ಯಾತಕ್ಕೆ ಸತ್ತನೆಂದು ಬರೆದು, ಆಮೇಲೆ ನಿಮ್ಮ ಪ್ರಶ್ನೆ ಕೇಳಿ. ಮೂರು ಪುಟ ಸಾಕು. ನಾನು ಕಾಯುತ್ತೇನೆ.