ಲಾರಿಗೆ ಎಕ್ಸ್‌ಟ್ರಾ ಲೈಟ್: ಫ್ಯೂಸ್ ಬೇಕಾ?

ಪ್ರಶ್ನೆ: ಸರ್, ಯಶವಂತಪುರ ಯಾರ್ಡ್‌ಗೆ ಓಡೋ 24 ವೋಲ್ಟ್ ಲಾರಿ ನಮ್ದು. ರಾತ್ರಿ ಲೋಡ್ ಇಳಿಸೋಕೆ ಹಿಂದೆ ಎರಡು ಲೈಟ್ ಬೇಕು. ಒಂದು ಬ್ಯಾಟರಿಯಿಂದ 12 ವೋಲ್ಟ್ ಎಳ್ಕೊಳ್ಳಿ, ಫ್ಯೂಸ್ ಬೇಡ ಅಂತಾನೆ ಮೆಕ್ಯಾನಿಕ್. ಸರೀನಾ?
– ಓದುಗ, ಪೀಣ್ಯ

ಉತ್ತರ: ಅಯ್ಯೋ, ಹಾಗೆ ಎಳೆಯೋದು ಬೇಡ್ವೇ ಬೇಡ, ಫ್ಯೂಸ್ ಮಾತ್ರ ಬೇಕೇ ಬೇಕು! 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೊಂದು ಸೇರಿ 24 ವೋಲ್ಟ್ ಕೊಡ್ತಿರ್ತವೆ, ಒಂದರಿಂದಾನೇ ಎಳೆದ್ರೆ ಅದು ಸೊರಗುತ್ತೆ, ಇನ್ನೊಂದು ಓವರ್‌ಚಾರ್ಜ್ ಆಗುತ್ತೆ, ಕೊನೆಗೆ ಎರಡೂ ಢಮಾರ್. ಗಾಡಿ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಲ್ಲಿ 24 ವೋಲ್ಟ್ ಲೈಟನ್ನೇ ಕೇಳಿ ತಗೊಳಿ. ಎರಡು ಲೈಟೂ ಸೇರಿ 72 ವ್ಯಾಟ್ ಅಂದ್ರೆ 24 ವೋಲ್ಟಲ್ಲಿ 3 ಆಂಪ್ ಆಯ್ತು, 5 ಆಂಪ್ ಫ್ಯೂಸ್ ಸಾಕು, ಆದ್ರೆ ಅದನ್ನ ಬ್ಯಾಟರಿ ಪ್ಲಸ್ ಹತ್ರಾನೇ ಹಾಕ್ಸಿ, ಯಾಕಂದ್ರೆ ಫ್ಯೂಸ್ ಕಾಯೋದು ವೈರನ್ನ, ಲೈಟ್ ಹತ್ರ ಹಾಕಿದ್ರೆ ಮಧ್ಯದಲ್ಲಿ ವೈರ್ ಚಾಸಿಗೆ ಉಜ್ಜಿ ಶಾರ್ಟ್ ಆದಾಗ ಅದು ಸುಮ್ನೆ ನೋಡ್ತಾ ಕೂರುತ್ತೆ. ವೈರ್ ಹಾಯೋ ತೂತಿಗೆಲ್ಲ ರಬ್ಬರ್ ಬುಷ್ ಇರ್ಲಿ. ಫ್ಯೂಸ್ ಹೋಯ್ತು ಅಂತ ತಂತಿ ಸುತ್ತೋ ಕೆಲ್ಸ ಮಾತ್ರ ಮಾಡ್ಬೇಡಿ.